ನೆಲ ನೋಡಬೇಡಿ, ನೆತ್ತಿ ನೋಡಿ

(ಸಭೆಯೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಒಪ್ಪ ಮಾಡಿದ್ದೇನೆ, ಅಷ್ಟೆ.)

ಎಲ್ಲರಿಗೂ ನಮಸ್ಕಾರ. ನಾನು ವೇದಿಕೆ ಹತ್ತುವಾಗ ಹಿಂದಿನ ಸಾಲಿನಲ್ಲಿ ಒಂದಿಬ್ಬರು ಮುಸಿಮುಸಿ ನಕ್ಕಿದ್ದು ಕಾಣಿಸಿತು. ನಗಬೇಕಾದ್ದೇ. ಕೂದಲ ಬಗ್ಗೆ ಮಾತಾಡಲು ಬಂದವನ ನೆತ್ತಿಯೇ ದೀಪದ ಬೆಳಕಿಗೆ ಫಳಫಳ ಹೊಳೆಯುತ್ತಿದ್ದರೆ ಯಾರಿಗೆ ನಗು ಬರುವುದಿಲ್ಲ? ನಿಮ್ಮ ಮನಸ್ಸಲ್ಲಿರುವ ಪ್ರಶ್ನೆ ನನಗೆ ಗೊತ್ತು. ಕೊನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ. ಅಲ್ಲಿವರೆಗೆ ಅದು ಹಾಗೇ ಇರಲಿ.

ಚರ್ಮದ ಡಾಕ್ಟರ ಹತ್ತಿರ ಜನ ಏನೇನೋ ತರುತ್ತಾರೆ. ಒಮ್ಮೆ ಒಬ್ಬ ಹೆಣ್ಣುಮಗಳು ಏಳು ಲಕೋಟೆ ತಂದಿದ್ದರು. ಒಂದೊಂದರ ಮೇಲೂ ಒಂದೊಂದು ವಾರದ ಹೆಸರು. ಸೋಮವಾರ ಉದುರಿದ ಕೂದಲು ಒಂದರಲ್ಲಿ, ಮಂಗಳವಾರದ್ದು ಇನ್ನೊಂದರಲ್ಲಿ. ದಿಂಬಿನಿಂದ, ಬಾಚಣಿಗೆಯಿಂದ, ಬಚ್ಚಲ ಜಾಲರಿಯಿಂದ ಆರಿಸಿ, ಎಣಿಸಿ, ಮೇಲೆ ಸಂಖ್ಯೆ ಬರೆದಿದ್ದರು. ಅಷ್ಟು ಶ್ರದ್ಧೆಯಿಂದ ಮಾಡಿದ್ದನ್ನು ನೋಡಿ ನನಗೇ ಬೇಜಾರಾಯಿತು. ಯಾಕೆಂದರೆ ಆ ಲಕೋಟೆಗಳಿಂದ ನನಗೆ ತಿಳಿದದ್ದು ಬಹಳ ಕಡಿಮೆ. ಅವನ್ನು ಪಕ್ಕಕ್ಕಿಟ್ಟು ಅವರ ಬೈತಲೆ ನೋಡಿದೆ. ಉತ್ತರ ಅಲ್ಲಿತ್ತು.

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದನ್ನೇ. ವಂಶದಿಂದ ಬರುವ ಕೂದಲ ತೊಂದರೆಯಲ್ಲಿ ಕೂದಲು ಉದುರುವುದು ಮುಖ್ಯ ಸಂಗತಿಯೇ ಅಲ್ಲ. ಕೂದಲು ಸಣ್ಣಗಾಗುವುದು ಮುಖ್ಯ. ನಾವು ನೆಲ ನೋಡುತ್ತಾ ಕೂರುತ್ತೇವೆ. ನೋಡಬೇಕಾದ್ದು ನೆತ್ತಿಯನ್ನು.

ಸ್ವಲ್ಪ ಲೆಕ್ಕ ಹಾಕೋಣ. ತಲೆಯ ಮೇಲೆ ಸುಮಾರು 1,00,000 ಕೂದಲು ಇರುತ್ತವೆ. ಪ್ರತಿ ಕೂದಲೂ ಚರ್ಮದೊಳಗಿನ ಒಂದು ಪುಟ್ಟ ಚೀಲದಿಂದ ಹುಟ್ಟುತ್ತದೆ. ಅದನ್ನು ನಾನು ಬುಡ ಅಂತಲೇ ಕರೆಯುತ್ತೇನೆ. ಬುಡ ಸದಾ ದುಡಿಯುವುದಿಲ್ಲ. ಎರಡರಿಂದ ಆರು ವರ್ಷ ಕೂದಲು ಬೆಳೆಸುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್‌ನಂತೆ. ಆಮೇಲೆ ಎರಡು ಮೂರು ವಾರದಲ್ಲಿ ಅಂಗಡಿ ಮುಚ್ಚುತ್ತದೆ. ನಂತರ ಮೂರು ತಿಂಗಳು ವಿಶ್ರಾಂತಿ. ಆ ವಿಶ್ರಾಂತಿ ಮುಗಿಯುವ ಹೊತ್ತಿಗೆ ಹಳೆ ಕೂದಲು ಕಳಚಿ ಬೀಳುತ್ತದೆ, ಕೆಳಗಿನಿಂದ ಹೊಸದು ಹೊರಡುತ್ತದೆ. ಯಾವ ದಿನ ನೋಡಿದರೂ ನೂರಕ್ಕೆ ಹತ್ತು ಕೂದಲು ವಿಶ್ರಾಂತಿಯಲ್ಲಿರುತ್ತವೆ ಅಂದುಕೊಳ್ಳಿ. ಒಂದು ಲಕ್ಷದಲ್ಲಿ 10,000. ಅವು 100 ದಿನದಲ್ಲಿ ಬೀಳಬೇಕು. ಅಂದರೆ ದಿನಕ್ಕೆ 100. ಇದು ರೋಗ ಅಲ್ಲ, ಲೆಕ್ಕಾಚಾರ. ದಿನಕ್ಕೆ 50ರಿಂದ 100 ಕೂದಲು ಬೀಳುವುದು ಸಹಜ. ಎರಡು ದಿನ ತಲೆ ತೊಳೆಯದೆ ಮೂರನೇ ದಿನ ತೊಳೆದರೆ ಮೂರು ದಿನದ್ದೂ ಒಟ್ಟಿಗೆ ಬರುತ್ತದೆ. ಆಗ ಎದೆ ಝಲ್ಲೆನ್ನುತ್ತದೆ, ಶಾಂಪೂವಿಗೆ ಬೈಗುಳ ಬೀಳುತ್ತದೆ.

ಹಾಗಾದರೆ ವಂಶದ ತೊಂದರೆಯಲ್ಲಿ ಏನಾಗುತ್ತದೆ? ಕುಂಡದಲ್ಲಿ ಗಿಡ ನೆಟ್ಟಿದ್ದೀರಿ. ಪ್ರತಿ ಸಲ ಗಿಡ ಬದಲಿಸುವಾಗ ಯಾರೋ ಕುಂಡವನ್ನೂ ಬದಲಿಸಿ, ಒಂದು ಸುತ್ತು ಚಿಕ್ಕದು ಇಡುತ್ತಿದ್ದಾರೆ ಅಂದುಕೊಳ್ಳಿ. ಗಿಡ ಏನು ಮಾಡೀತು? ಬುಡದಲ್ಲೂ ಹಾಗೇ ಆಗುತ್ತದೆ. ಪ್ರತಿ ಸುತ್ತಿಗೂ ಬುಡ ಕುಗ್ಗುತ್ತದೆ. ಬೆಳೆಯುವ ಕಾಲ ಕಡಿಮೆಯಾಗುತ್ತದೆ. ಐದು ವರ್ಷ ಬೆಳೆಯುತ್ತಿದ್ದ ಕೂದಲು ಮೂರು ವರ್ಷಕ್ಕೆ, ಆಮೇಲೆ ಒಂದು ವರ್ಷಕ್ಕೆ, ಕೊನೆಗೆ ಕೆಲವೇ ತಿಂಗಳಿಗೆ ನಿಲ್ಲುತ್ತದೆ. ದಪ್ಪ ಕಪ್ಪು ಕೂದಲಿದ್ದ ಜಾಗದಲ್ಲಿ ಮಗುವಿನ ಕೆನ್ನೆಯ ರೋಮದಂಥದ್ದು ಉಳಿಯುತ್ತದೆ. ನೆತ್ತಿಯಲ್ಲಿ ಒಂದೇ ರಂಧ್ರದಿಂದ ಎರಡು, ಮೂರು, ಕೆಲವು ಕಡೆ ನಾಲ್ಕು ಕೂದಲು ಒಟ್ಟಿಗೆ ಹೊರಡುತ್ತವೆ. ಮೊದಲು ಈ ಗುಂಪು ಒಡೆಯುತ್ತದೆ. ಮೂರು ಇದ್ದಲ್ಲಿ ಎರಡು, ಎರಡಿದ್ದಲ್ಲಿ ಒಂದು. ಹಾಗಾಗಿ ಬೋಳು ಕಾಣಿಸುವ ಮೊದಲೇ ಎಷ್ಟೋ ನಷ್ಟ ಆಗಿಹೋಗಿರುತ್ತದೆ. ಕನ್ನಡಿ ಈ ಸುದ್ದಿಯನ್ನು ತಡವಾಗಿ ಹೇಳುತ್ತದೆ.

ಇಲ್ಲಿ ಒಂದು ವಿಚಿತ್ರ ಇದೆ. ನನ್ನ ಈ ಹೊಳೆಯುವ ನೆತ್ತಿಯಲ್ಲಿ ಕೂದಲೇ ಇಲ್ಲ ಅಂದುಕೊಂಡಿದ್ದೀರಲ್ವಾ? ತಪ್ಪು. ಭೂತಗನ್ನಡಿ ಹಿಡಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮ ಸಾಕಷ್ಟು ಸಿಗುತ್ತದೆ. ಬೋಳಾದ ನೆತ್ತಿಯ ಚರ್ಮದಲ್ಲಿ ಬುಡಗಳನ್ನು ಮತ್ತೆ ಕಟ್ಟುವ ಮೂಲಕೋಶಗಳು ಹಾಗೇ ಉಳಿದಿರುತ್ತವೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕೋಶಗಳಿವೆ, ಕೆಲಸ ಶುರುವಾಗುತ್ತಿಲ್ಲ. ಸಂಶೋಧಕರು ಇನ್ನೂ ಆಸೆ ಬಿಡದಿರುವುದು ಇದಕ್ಕೇ.

ಈಗ ಕುಂಡ ಚಿಕ್ಕದು ಮಾಡುವವರು ಯಾರು ಅನ್ನುವ ಪ್ರಶ್ನೆ.

ಬೀಜ ತೆಗೆಸಿಕೊಂಡ ಗಂಡಸರಿಗೆ ಬೋಳು ಬರುವುದಿಲ್ಲ ಎಂದು ಗ್ರೀಸಿನ ಅರಿಸ್ಟಾಟಲ್ 2,300 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದ. ಕಾರಣ ಅವನಿಗೆ ತಿಳಿದಿರಲಿಲ್ಲ, ಆದರೆ ಕಣ್ಣು ಚುರುಕಾಗಿತ್ತು. 1942ರಲ್ಲಿ ಅಮೆರಿಕದ ಅಂಗರಚನಾ ತಜ್ಞ ಜೇಮ್ಸ್ ಹ್ಯಾಮಿಲ್ಟನ್ ಇದನ್ನು ಪರೀಕ್ಷೆಗೆ ಒಡ್ಡಿದ. ಹರೆಯಕ್ಕೆ ಮೊದಲೇ ಬೀಜ ಕಳೆದುಕೊಂಡ ಗಂಡಸರಲ್ಲಿ ಬೋಳು ಬರಲೇ ಇಲ್ಲ. ಅವರಲ್ಲಿ ಕೆಲವರಿಗೆ ಬೀಜದಲ್ಲಿ ಹುಟ್ಟುವ ಗಂಡು ಹಾರ್ಮೋನು ಟೆಸ್ಟೋಸ್ಟಿರೋನ್ ಕೊಟ್ಟಾಗ, ಮನೆತನದಲ್ಲಿ ಬೋಳು ಇದ್ದವರಿಗೆ ಮಾತ್ರ ಕೂದಲು ಹೋಗತೊಡಗಿತು. ಕೊಡುವುದು ನಿಲ್ಲಿಸಿದಾಗ ಅದು ಮುಂದುವರಿಯುವುದೂ ನಿಂತಿತು. ಬರೀ ಹಾರ್ಮೋನು ಸಾಲದು, ಬರೀ ವಂಶವೂ ಸಾಲದು, ಎರಡೂ ಕೂಡಬೇಕು. ಇವತ್ತಿಗೂ ನಮ್ಮ ತಿಳಿವಳಿಕೆಯ ತಳಪಾಯ ಇದೇ.

ಮುಂದಿನ ಸುಳಿವು ಸಿಕ್ಕಿದ್ದು ಡೊಮಿನಿಕನ್ ರಿಪಬ್ಲಿಕ್ ದೇಶದ ಒಂದು ಹಳ್ಳಿಯಲ್ಲಿ. ಅಲ್ಲಿ ಕೆಲವು ಮಕ್ಕಳು ಹುಟ್ಟಿದಾಗ ಹೆಣ್ಣಿನಂತೆ ಕಾಣುತ್ತಿದ್ದರು. ಹೆಣ್ಣುಮಕ್ಕಳಂತೆಯೇ ಬೆಳೆಯುತ್ತಿದ್ದರು. ಹರೆಯ ಬಂದಾಗ ದನಿ ಒಡೆದು, ಮೈ ಗಟ್ಟಿಯಾಗಿ, ಗಂಡಾಗುತ್ತಿದ್ದರು. ಜೂಲಿಯಾನ್ ಇಂಪೆರಾಟೊ-ಮೆಗಿನ್ಲಿ ಮತ್ತು ಜೊತೆಗಾರರು 1974ರಲ್ಲಿ ಇದರ ಗುಟ್ಟು ಬಿಡಿಸಿದರು. ಅವರಲ್ಲಿ ಟೆಸ್ಟೋಸ್ಟಿರೋನ್ ಬೇಕಾದಷ್ಟಿತ್ತು. ಅದನ್ನು ಇನ್ನೂ ಪ್ರಬಲವಾದ ಡಿಎಚ್‌ಟಿ ಎಂಬ ಹಾರ್ಮೋನಾಗಿ ಬದಲಿಸುವ ಕಿಣ್ವ ಇರಲಿಲ್ಲ. ಗರ್ಭದಲ್ಲಿ ಗಂಡು ಮಗುವಿನ ಹೊರ ಅಂಗಗಳನ್ನು ರೂಪಿಸುವುದು ಡಿಎಚ್‌ಟಿ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಅವರು ದೊಡ್ಡವರಾದ ಮೇಲೆ, ಗಂಡಸರಲ್ಲಿ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿಯೇ ಇತ್ತು, ಗಡ್ಡ ವಿರಳವಾಗಿತ್ತು, ಹಣೆಯ ಕೂದಲು ಒಂದಿಷ್ಟೂ ಹಿಂದೆ ಸರಿದಿರಲಿಲ್ಲ. ಔಷಧಿ ಕಂಪನಿಗಳ ಕಿವಿ ನೆಟ್ಟಗಾಗಲು ಇನ್ನೇನು ಬೇಕು?

ಅಂದರೆ ಬುಡ ಕುಗ್ಗಿಸುವುದು ಡಿಎಚ್‌ಟಿ. ಆದರೆ ಇದೇ ಡಿಎಚ್‌ಟಿ ಗಲ್ಲದ ಮೇಲೆ ಗಡ್ಡ ದಟ್ಟವಾಗಿ ಬೆಳೆಸುತ್ತದೆ. ಎದೆಯ ಮೇಲೂ ಬೆಳೆಸುತ್ತದೆ. ಒಂದೇ ರಕ್ತ, ಒಂದೇ ಹಾರ್ಮೋನು. ಗಲ್ಲಕ್ಕೆ ಗೊಬ್ಬರ, ನೆತ್ತಿಗೆ ವಿಷ. ಕಿವಿಯ ಸುತ್ತ ಮತ್ತು ಹಿಂದಲೆಯ ಕೂದಲಿಗೆ ಅದರ ಗೊಡವೆಯೇ ಇಲ್ಲ. ಬುಡಕ್ಕೆ ಹಾರ್ಮೋನಿನ ಮಾತು ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವುದು ಆ ಬುಡದ ಹುಟ್ಟುಗುಣ. ಹಾಗಾಗಿ ರಕ್ತದಲ್ಲಿ ಹಾರ್ಮೋನು ಅಳೆಸಿ "ಎಲ್ಲಾ ಸರಿಯಾಗಿದೆ ಅಂತ ಬಂದಿದೆ, ಮತ್ತೆ ಯಾಕೆ ಕೂದಲು ಹೋಗ್ತಿದೆ?" ಎಂದು ಕೇಳುವವರಿಗೆ ಉತ್ತರ ಇಷ್ಟೇ: ಹಾರ್ಮೋನು ಸಾಮಾನ್ಯ ಮಟ್ಟದಲ್ಲೇ ಇರುತ್ತದೆ, ಬುಡದ ಕಿವಿ ಸೂಕ್ಷ್ಮ. ಬೋಳು ತಲೆಯವರಿಗೆ ಗಂಡಸುತನ ಜಾಸ್ತಿ ಅನ್ನುವ ಮಾತೂ ಇದೇ ಕಾರಣಕ್ಕೆ ಬಿದ್ದುಹೋಗುತ್ತದೆ. ನನಗೆ ಸ್ವಲ್ಪ ನಷ್ಟವೇ, ಏನು ಮಾಡೋದು.

ಆ ಹುಟ್ಟುಗುಣ ಯಾರಿಂದ ಬಂತು? "ತಾಯಿಯ ತಂದೆಯನ್ನು ನೋಡಿ, ಗೊತ್ತಾಗುತ್ತೆ" ಅನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯ ಇದೆ. ಹಾರ್ಮೋನಿನ ಸಂದೇಶ ಹಿಡಿಯುವ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡು ಮಗುವಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ. ಹಾಗಾಗಿ ತಾಯಿ ಕಡೆಯ ಅಜ್ಜನಿಗೆ, ಸೋದರಮಾವನಿಗೆ ಈ ಕತೆಯಲ್ಲಿ ಪಾತ್ರ ಇದ್ದೇ ಇದೆ. ಆದರೆ ಜೀನ್ ಅದೊಂದೇ ಅಲ್ಲ. ಬ್ರಿಟನ್ನಿನಲ್ಲಿ 52,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದು 2017ರಲ್ಲಿ ಹೊರಬಂದ ಅಧ್ಯಯನದಲ್ಲಿ ಬೋಳುತನದ ಜೊತೆ ನಂಟಿರುವ 287 ಜಾಗಗಳು ಜೀನುಗಳ ನಕ್ಷೆಯಲ್ಲಿ ಸಿಕ್ಕವು. ಅದರಲ್ಲಿ ಎಕ್ಸ್ ಮೇಲಿದ್ದವು 40. ಉಳಿದವು ತಂದೆಯಿಂದಲೂ ಬರಬಹುದು, ತಾಯಿಯಿಂದಲೂ ಬರಬಹುದು. ಇಸ್ಪೀಟ್ ಎಲೆ ಹಂಚಿದಂತೆ ಹಂಚಿಕೆಯಾಗುವುದರಿಂದಲೇ ಒಂದೇ ತಾಯಿಯ ಮಕ್ಕಳಲ್ಲಿ ಅಣ್ಣನ ತಲೆ ಬರಿದಾಗಿ ತಮ್ಮನದು ಪೊದೆಯಾಗಿರುತ್ತದೆ. ಬೈಯುವುದಾದರೆ ಎರಡೂ ಕಡೆಯವರನ್ನು ಸಮನಾಗಿ ಬೈಯಿರಿ.

ಗಂಡಸರಲ್ಲಿ ಇದು ಹೋಗುವ ದಾರಿ ನಿಮಗೆಲ್ಲ ಗೊತ್ತು. ಹಣೆಯ ಎರಡು ಮೂಲೆ ಹಿಂದೆ ಸರಿಯುತ್ತವೆ, ನೆತ್ತಿಯಲ್ಲಿ ದುಂಡಗೆ ತೆಳುವಾಗುತ್ತದೆ, ಒಂದು ದಿನ ಎರಡೂ ಸೇರುತ್ತವೆ, ಕೊನೆಗೆ ಕುದುರೆ ಲಾಳದಂತೆ ಸುತ್ತ ಮಾತ್ರ ಉಳಿಯುತ್ತದೆ. ಹ್ಯಾಮಿಲ್ಟನ್ ಮಾಡಿದ ಹಂತಗಳನ್ನು ನಾರ್ವುಡ್ ಎಂಬ ವೈದ್ಯ 1975ರಲ್ಲಿ ತಿದ್ದಿ ಏಳಕ್ಕೆ ತಂದ. ನಾನು ಆರಕ್ಕೂ ಏಳಕ್ಕೂ ನಡುವೆ ಇದ್ದೇನೆ. ಕೆಲವರಿಗೆ ಹದಿನೆಂಟಕ್ಕೇ ಶುರುವಾಗುತ್ತದೆ. ಬಿಳಿಯ ಜನರಲ್ಲಿ 50 ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ ಇದು ಕಾಣುತ್ತದೆ. ಏಷ್ಯಾದವರಲ್ಲಿ ಸ್ವಲ್ಪ ಕಡಿಮೆ.

ಹೆಂಗಸರ ವಿಷಯಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ. ಯಾಕೆಂದರೆ ಗಂಡಸಿನ ಬೋಳಿಗೆ ಲೋಕ ನಗುತ್ತದೆ, ನಕ್ಕು ಮರೆಯುತ್ತದೆ. ಹೆಂಗಸರದ್ದನ್ನು ಯಾರೂ ಬಾಯಿ ಬಿಟ್ಟು ಹೇಳುವುದೂ ಇಲ್ಲ. ಅವರಲ್ಲಿ ಹಣೆಯ ಅಂಚು ಸಾಮಾನ್ಯವಾಗಿ ಹಾಗೇ ಇರುತ್ತದೆ. ತೆಳುವಾಗುವುದು ನಡು ನೆತ್ತಿ. ಬೈತಲೆ ಅಗಲವಾಗುತ್ತದೆ, ಅದರಲ್ಲೂ ಮುಂಭಾಗದಲ್ಲಿ. ಮೊದಲು ಗೆರೆಯಂತಿದ್ದದ್ದು ಕಾಲುದಾರಿ ಆಗುತ್ತದೆ, ಆಮೇಲೆ ರಸ್ತೆ. ಜುಟ್ಟು ಕಟ್ಟಿದರೆ ಮುಷ್ಟಿ ತುಂಬುತ್ತಿದ್ದದ್ದು ಈಗ ಎರಡು ಬೆರಳಿಗೆ ಬರುತ್ತದೆ. ಲುಡ್‌ವಿಗ್ ಎಂಬ ವೈದ್ಯ 1977ರಲ್ಲಿ ಇದನ್ನು ಮೂರು ಹಂತವಾಗಿ ವಿಂಗಡಿಸಿದ. ಪೂರ್ತಿ ಬೋಳಾಗುವುದು ಅಪರೂಪ. ಮುಟ್ಟು ನಿಲ್ಲುವ ವಯಸ್ಸಿನ ಆಚೆ ಈಚೆ ಇದು ಜಾಸ್ತಿ ಕಾಣಿಸಿಕೊಳ್ಳುತ್ತದೆ, ಇಪ್ಪತ್ತರ ಹರೆಯದಲ್ಲೂ ಬರಬಹುದು. ಹೆಚ್ಚಿನವರಲ್ಲಿ ಹಾರ್ಮೋನು ಪರೀಕ್ಷೆ ಸರಿಯಾಗಿಯೇ ಬರುತ್ತದೆ. ಹೆಂಗಸರಲ್ಲಿ ಡಿಎಚ್‌ಟಿಯ ಪಾಲು ಎಷ್ಟು ಎಂಬುದು ಗಂಡಸರಷ್ಟು ಸ್ಪಷ್ಟವಾಗಿಲ್ಲ. ಆದರೆ ಮುಟ್ಟು ಏರುಪೇರಾಗಿ, ಗಲ್ಲದ ಮೇಲೆ ಒರಟು ಕೂದಲು, ಬಿಡದ ಮೊಡವೆ ಇವೂ ಜೊತೆಗಿದ್ದರೆ ಪಿಸಿಓಎಸ್, ಅಂದರೆ ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ, ಇದೆಯೇ ಎಂದು ನೋಡಲೇಬೇಕು.

ಇನ್ನೊಂದು ಮುಖ್ಯ ಮಾತು. ಹೆಂಗಸರಲ್ಲಿ ಕೂದಲು ಹೋದ ಕೂಡಲೇ "ವಂಶ" ಅಂತ ಷರಾ ಬರೆಯಬಾರದು. ಹೆರಿಗೆ, ಜೋರು ಜ್ವರ, ಆಪರೇಷನ್, ಗಡಿಬಿಡಿಯಲ್ಲಿ ತೂಕ ಇಳಿಸುವುದು, ಇವಾದ ಎರಡು ಮೂರು ತಿಂಗಳಿಗೆ ಕೂದಲು ಹಿಡಿ ಹಿಡಿಯಾಗಿ ಬರುತ್ತದೆ. ಮೈಗೆ ಪೆಟ್ಟು ಬಿದ್ದಾಗ ಎಷ್ಟೋ ಬುಡಗಳು ಒಟ್ಟಿಗೇ ವಿಶ್ರಾಂತಿಗೆ ಹೋಗಿರುತ್ತವೆ, ಅವು ಒಟ್ಟಿಗೇ ಕಳಚುತ್ತವೆ. ನೋಡಲು ಭಯಂಕರ, ಆದರೆ ಇಲ್ಲಿ ಕುಂಡ ಚಿಕ್ಕದಾಗಿಲ್ಲ. ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನಾಗೇ ಸುಧಾರಿಸುತ್ತದೆ. ಆ ಏಳು ಲಕೋಟೆಯವರಿಗೆ ಎರಡೂ ಇತ್ತು. ಜ್ವರದ ನಂತರ ಉದುರಿದ್ದು ಅವರನ್ನು ನನ್ನ ಹತ್ತಿರ ಕರೆತಂದಿತು. ಅದರ ಹಿಂದೆ ಐದಾರು ವರ್ಷದಿಂದ ಸದ್ದಿಲ್ಲದೆ ಅಗಲವಾಗುತ್ತಿದ್ದ ಬೈತಲೆ ಇತ್ತು. ಅದನ್ನು ಅವರು ಗಮನಿಸಿಯೇ ಇರಲಿಲ್ಲ. ಹಳೆಯ ಫೋಟೋ ತೆಗೆಸಿ ನೋಡಿದಾಗ ಒಪ್ಪಿದರು.

ನಾಣ್ಯದಂತೆ ದುಂಡಗೆ, ಥಟ್ಟನೆ ಕೂದಲು ಹೋದರೆ ಅದು ಬೇರೆಯೇ ರೋಗ, ಮೈಯ ರಕ್ಷಣಾ ಪಡೆ ತನ್ನ ಬುಡದ ಮೇಲೆಯೇ ಬೀಳುವುದು. ಅದಕ್ಕೆ ಮದ್ದೂ ಬೇರೆ. ಸದಾ ಬಿಗಿಯಾಗಿ ಎಳೆದು ಕಟ್ಟಿದರೆ ಅಂಚಿನ ಕೂದಲು ಹೋಗುತ್ತದೆ. ಥೈರಾಯ್ಡ್, ಕಬ್ಬಿಣದ ಕೊರತೆ ಇವನ್ನು ಒಂದು ರಕ್ತ ಪರೀಕ್ಷೆಯಲ್ಲಿ ನೋಡಿಬಿಡಬಹುದು. ನೆತ್ತಿಯಲ್ಲಿ ಉರಿ, ನೋವು, ಕೆಂಪು, ಕಲೆ ಇದ್ದರೆ ಮಾತ್ರ ತಡ ಮಾಡಬೇಡಿ. ಕೆಲವು ರೋಗಗಳು ಬುಡವನ್ನೇ ಸುಟ್ಟು ಗಾಯದ ಗುರುತು ಮಾಡಿಬಿಡುತ್ತವೆ, ಅಲ್ಲಿ ಮತ್ತೆ ಬೆಳೆಯುವುದಿಲ್ಲ.

ನಾವು ಪತ್ತೆ ಮಾಡುವುದು ಹೇಗೆ? ಚಿಕ್ಕ ದೀಪ ಇರುವ ಭೂತಗನ್ನಡಿಯಿಂದ. ಒಂದೇ ಜಾಗದಲ್ಲಿ ದಪ್ಪ, ನಡುವಣ, ಸಣ್ಣ ಕೂದಲು ಬೆರೆತಿದ್ದರೆ, ಹಿಂದಲೆಯಲ್ಲಿ ಎಲ್ಲಾ ಒಂದೇ ದಪ್ಪ ಇದ್ದರೆ, ವಂಶದ್ದು ಎನ್ನಲು ಹೆಚ್ಚು ಯೋಚಿಸಬೇಕಿಲ್ಲ. ಮನೆಯಲ್ಲಿ ನೀವು ಮಾಡಬಹುದಾದ್ದು ಇನ್ನೂ ಸುಲಭ. ಮೂರು ತಿಂಗಳಿಗೊಮ್ಮೆ ಒಂದೇ ಜಾಗ, ಒಂದೇ ಬೆಳಕು, ಒಣಗಿದ ತಲೆ, ಒಂದೇ ಕಡೆ ಬೈತಲೆ ತೆಗೆದು ಫೋಟೋ ಹಿಡಿಯಿರಿ. ದಿನಾ ಕನ್ನಡಿ ನೋಡುವುದಕ್ಕಿಂತ ಇದು ಎಷ್ಟೋ ಮೇಲು.

ಈಗ ಮದ್ದು. ಒಂದು ಸಂಗತಿ ಮೊದಲೇ ತಿಳಿದಿರಲಿ. ಇದು ವಾಸಿಯಾಗುವ ಕಾಯಿಲೆ ಅಲ್ಲ, ತಡೆದು ಹಿಡಿಯುವಂಥದ್ದು. ಬ್ರೇಕಿನ ಮೇಲೆ ಕಾಲಿಟ್ಟ ಹಾಗೆ. ಕಾಲು ತೆಗೆದರೆ ಗಾಡಿ ಮತ್ತೆ ಹೊರಡುತ್ತದೆ.

ಮಿನಾಕ್ಸಿಡಿಲ್ ಹುಟ್ಟಿದ್ದು ರಕ್ತದೊತ್ತಡಕ್ಕೆ. 1979ರಲ್ಲಿ ಅಮೆರಿಕದಲ್ಲಿ ಮಾತ್ರೆಯಾಗಿ ಒಪ್ಪಿಗೆ ಸಿಕ್ಕಿತು. ನುಂಗಿದವರ ಕೈ, ಕೆನ್ನೆ, ಹಣೆಯಲ್ಲೆಲ್ಲ ಕೂದಲು ಬರತೊಡಗಿತು. ಬೇಡದ ಪರಿಣಾಮವೇ ಬೇರೆ ಯಾರಿಗೋ ಬೇಕಾದದ್ದಾಯಿತು. 1988ರಲ್ಲಿ ಗಂಡಸರ ನೆತ್ತಿಗೆ ಹಚ್ಚುವ 2% ದ್ರಾವಣ ಬಂತು, 1991ರಲ್ಲಿ ಹೆಂಗಸರಿಗೂ. ಆಮೇಲೆ 5% ಬಂತು, ನೊರೆಯ ರೂಪದಲ್ಲೂ ಬಂತು. ಇದು ಡಿಎಚ್‌ಟಿಯ ತಂಟೆಗೆ ಹೋಗುವುದಿಲ್ಲ. ಬೆಳೆಯುವ ಕಾಲವನ್ನು ಉದ್ದ ಮಾಡುತ್ತದೆ, ಕುಗ್ಗಿದ ಬುಡವನ್ನು ಸ್ವಲ್ಪ ಹಿಗ್ಗಿಸುತ್ತದೆ. ನೆತ್ತಿಯಲ್ಲಿರುವ ಒಂದು ಕಿಣ್ವ ಇದನ್ನು ಚುರುಕಾದ ರೂಪಕ್ಕೆ ತಿರುಗಿಸಬೇಕು. ಆ ಕಿಣ್ವ ಕೆಲವರಲ್ಲಿ ಕಡಿಮೆ. ಒಂದೇ ಬಾಟಲಿ ಒಬ್ಬರಿಗೆ ಹತ್ತಿ, ಇನ್ನೊಬ್ಬರಿಗೆ ನೀರಿನಂತಾಗಲು ಇದೊಂದು ಕಾರಣ.

ಹಚ್ಚುವುದರಲ್ಲಿ ತಪ್ಪುಗಳೇ ಜಾಸ್ತಿ. ಮದ್ದು ಹೋಗಬೇಕಾದ್ದು ಚರ್ಮಕ್ಕೆ, ಕೂದಲಿಗಲ್ಲ. ಒಣಗಿದ ನೆತ್ತಿಗೆ, ಬೈತಲೆ ತೆಗೆದು ತೆಗೆದು ಹಚ್ಚಬೇಕು. ದ್ರಾವಣವಾದರೆ 1 ಮಿಲಿಲೀಟರ್, ದಿನಕ್ಕೆ ಎರಡು ಸಲ. ಹೆಂಗಸರಿಗೆ 5% ನೊರೆ ದಿನಕ್ಕೆ ಒಂದು ಸಲ ಸಾಕು. ಎರಡು ಪಟ್ಟು ಹಚ್ಚಿದರೆ ಎರಡು ಪಟ್ಟು ಬೆಳೆಯುವುದಿಲ್ಲ, ಹಣೆಗೆ ಇಳಿದು ಅಲ್ಲಿ ರೋಮ ಬರುತ್ತದೆ ಅಷ್ಟೆ. ಮಲಗುವ ಹೊತ್ತಿಗೆ ಒಣಗಿರಬೇಕು. ಮನೆಯಲ್ಲಿ ಬೆಕ್ಕು ಇದ್ದರೆ ಇನ್ನೂ ಎಚ್ಚರ. ಈ ಮದ್ದು ಬೆಕ್ಕುಗಳಿಗೆ ಕಡು ವಿಷ. ದಿಂಬು ನೆಕ್ಕಿದರೂ, ಹಚ್ಚಿದ ಕೈಯಲ್ಲಿ ಸವರಿದ ಮೈಯನ್ನು ನೆಕ್ಕಿಕೊಂಡರೂ ಜೀವಕ್ಕೆ ಅಪಾಯ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಎರಡನೇ ವಾರದಿಂದ ಎಂಟನೇ ವಾರದ ನಡುವೆ ಬರುತ್ತದೆ. ಮದ್ದು ಶುರುಮಾಡಿದ ಮೇಲೆ ಕೂದಲು ಇನ್ನೂ ಜಾಸ್ತಿ ಉದುರುತ್ತದೆ! ವಿಶ್ರಾಂತಿಯಲ್ಲಿದ್ದ ಬುಡಗಳನ್ನು ಮದ್ದು ಎಬ್ಬಿಸುತ್ತದೆ, ಅವು ಹಳೆ ಕೂದಲನ್ನು ಕೊಡವಿ ಹೊಸದು ಶುರುಮಾಡುತ್ತವೆ. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಬಾಟಲಿ ಬಿಸಾಡಿ, ನಮ್ಮ ಹೆಸರಿಗೆ ಮಂಗಳಾರತಿ ಎತ್ತಿ, ಬೇರೆ ಡಾಕ್ಟರ ಹತ್ತಿರ ಹೋಗುತ್ತಾರೆ. ನೆಲ ನೋಡಬೇಡಿ ಅಂತ ನಾನು ಬಡಕೊಳ್ಳುವುದು ಅದಕ್ಕೇ. ನಾಲ್ಕರಿಂದ ಆರು ತಿಂಗಳು ಕಾಯಬೇಕು. ಬಿಟ್ಟರೆ ಕೆಲವೇ ತಿಂಗಳಲ್ಲಿ, ಬಂದದ್ದೆಲ್ಲ ಹೋಗುತ್ತದೆ. ಈಚೆಗೆ ಇದನ್ನೇ ತೀರಾ ಕಡಿಮೆ ಪ್ರಮಾಣದಲ್ಲಿ ಮಾತ್ರೆಯಾಗಿ ಕೊಡುವುದು ಹೆಚ್ಚಾಗಿದೆ. ಅನುಕೂಲ ಇದೆ, ಆದರೆ ಕಾಲು ಊತ, ಎದೆ ಬಡಿತ, ಮುಖದ ಮೇಲೆ ಕೂದಲು ಬರಬಹುದು. ಹೃದಯದ ತೊಂದರೆ ಇದ್ದವರು ಸುಮ್ನೆ ಯಾರೋ ಹೇಳಿದರು ಅಂತ ನುಂಗಬಾರದು. ಬಸುರಿಯರು, ಎದೆಹಾಲು ಕೊಡುವವರು ಹಚ್ಚುವುದೂ ಬೇಡ.

ಎರಡನೆಯದು ಫಿನಾಸ್ಟೆರೈಡ್. ಆ ಹಳ್ಳಿಯ ಕತೆಯಿಂದ ಹುಟ್ಟಿದ ಮಾತ್ರೆ ಇದು. ಡಿಎಚ್‌ಟಿ ಮಾಡುವ ಕಿಣ್ವವನ್ನು ಅಡ್ಡಗಟ್ಟಿ, ರಕ್ತದಲ್ಲಿ ಡಿಎಚ್‌ಟಿಯನ್ನು ನೂರಕ್ಕೆ ಸುಮಾರು 70ರಷ್ಟು ಇಳಿಸುತ್ತದೆ. 1992ರಲ್ಲಿ 5 ಮಿಲಿಗ್ರಾಂ ಪ್ರಾಸ್ಟೇಟ್ ತೊಂದರೆಗೆ, 1997ರಲ್ಲಿ 1 ಮಿಲಿಗ್ರಾಂ ಗಂಡಸರ ಕೂದಲಿಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಎರಡು ವರ್ಷದ ಪ್ರಯೋಗದಲ್ಲಿ, ಹೋಲಿಕೆಗೆಂದು ಕೊಡುವ ಮದ್ದಿಲ್ಲದ ಹುಸಿ ಮಾತ್ರೆ ತೆಗೆದುಕೊಂಡ ನೂರರಲ್ಲಿ 72 ಗಂಡಸರ ಕೂದಲ ಎಣಿಕೆ ಇಳಿದಿತ್ತು. ನಿಜವಾದ ಮಾತ್ರೆ ತೆಗೆದುಕೊಂಡವರಲ್ಲಿ 17 ಜನರದ್ದು. ಗಮನಿಸಿ, ಇಲ್ಲಿ ದೊಡ್ಡ ಲಾಭ ಹೊಸದಾಗಿ ಬಂದದ್ದಲ್ಲ, ಹೋಗದೆ ಉಳಿದದ್ದು.

ಅಡ್ಡ ಪರಿಣಾಮದ ಮಾತು ಮುಚ್ಚಿಡುವುದು ಸರಿಯಲ್ಲ. ಲೈಂಗಿಕ ಆಸೆ ಕುಗ್ಗುವುದು, ನಿಮಿರದಿರುವುದು, ವೀರ್ಯ ಕಡಿಮೆಯಾಗುವುದು, ಇವುಗಳಲ್ಲಿ ಯಾವುದಾದರೂ ಒಂದು ಮೂಲ ಪ್ರಯೋಗಗಳಲ್ಲಿ ನೂರಕ್ಕೆ 3.8 ಜನರಲ್ಲಿ ಕಂಡಿತು. ಹುಸಿ ಮಾತ್ರೆಯವರಲ್ಲೂ 2.1 ಜನರಲ್ಲಿ ಕಂಡಿತ್ತು. ಹೆಚ್ಚಿನವರಲ್ಲಿ ಬಿಟ್ಟ ಮೇಲೆ ಸರಿಹೋಗುತ್ತದೆ. ಬಿಟ್ಟರೂ ಹೋಗಲಿಲ್ಲ ಎನ್ನುವವರು ಇದ್ದಾರೆ, ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮನಸ್ಸು ಕುಗ್ಗುವುದು, ಸಾಯಬೇಕು ಅನ್ನಿಸುವ ಯೋಚನೆ ಬರುವುದು ಇವನ್ನೂ ಯುರೋಪಿನ ಔಷಧ ನಿಯಂತ್ರಕರು ಎಚ್ಚರಿಕೆಯಲ್ಲಿ ಸೇರಿಸಿದ್ದಾರೆ. ಖಿನ್ನತೆಯ ಹಿನ್ನೆಲೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಪ್ರಾಸ್ಟೇಟ್ ಪರೀಕ್ಷೆಯ ಪಿಎಸ್‌ಎ ಅಂಕಿಯನ್ನು ಇದು ಅರ್ಧಕ್ಕೆ ಇಳಿಸುತ್ತದೆ. ಪರೀಕ್ಷೆ ಮಾಡಿಸುವಾಗ ಈ ಮಾತ್ರೆಯ ವಿಷಯ ಹೇಳದಿದ್ದರೆ ಕ್ಯಾನ್ಸರಿನ ಸುಳಿವೇ ತಪ್ಪಿಹೋಗಬಹುದು.

ಗರ್ಭದ ಗಂಡು ಮಗುವಿಗೆ ಡಿಎಚ್‌ಟಿ ಬೇಕು ಅಂದೆನಲ್ಲ? ಬಸುರಾಗುವ ಸಾಧ್ಯತೆ ಇರುವ ಹೆಂಗಸರಿಗೆ ಇದು ಬೇಡವೇ ಬೇಡ. ಬಸುರಿಯರು ಒಡೆದ ಮಾತ್ರೆಯನ್ನು ಮುಟ್ಟಲೂಬಾರದು. ಇದನ್ನು ನುಂಗುತ್ತಿರುವ ಗಂಡಸರು ರಕ್ತದಾನ ಮಾಡಬಾರದು, ಬಿಟ್ಟು ಒಂದು ತಿಂಗಳಾದ ಮೇಲೆ ಮಾಡಬಹುದು. ಆ ರಕ್ತ ಯಾವ ಬಸುರಿಗೆ ಹೋಗುತ್ತದೋ ಯಾರಿಗೆ ಗೊತ್ತು. ಇದರದ್ದೇ ದೊಡ್ಡಣ್ಣ ಡುಟಾಸ್ಟೆರೈಡ್. ಇನ್ನೂ ಬಲವಾದದ್ದು, ಮೈಯಲ್ಲಿ ಉಳಿಯುವ ಕಾಲವೂ ಜಾಸ್ತಿ. ಕೂದಲಿಗೆಂದು ಒಪ್ಪಿಗೆ ಕೊಟ್ಟ ದೇಶಗಳಲ್ಲಿ ದಕ್ಷಿಣ ಕೊರಿಯಾ, ಜಪಾನ್ ಸೇರಿವೆ.

ಹೆಂಗಸರಿಗೆ ಮಿನಾಕ್ಸಿಡಿಲ್ ಮೊದಲ ಮದ್ದು. ಅದರ ಜೊತೆ ಸ್ಪೈರನೋಲ್ಯಾಕ್ಟೋನ್ ಕೊಡುವುದುಂಟು. ಮೂಲತಃ ಮೂತ್ರ ಹೆಚ್ಚಿಸುವ ಮಾತ್ರೆ, ಬುಡದ ಕಿವಿಯನ್ನೇ ಮುಚ್ಚುವ ಗುಣ ಇದಕ್ಕಿದೆ. ಇದನ್ನೂ ಬಸಿರಿನಲ್ಲಿ ತೆಗೆದುಕೊಳ್ಳುವಂತಿಲ್ಲ.

ಕೂದಲು ಕಸಿ ಬಗ್ಗೆ ಎಲ್ಲರಿಗೂ ಕುತೂಹಲ. ಇದರ ತಳಹದಿ ಸರಳ. ನ್ಯೂಯಾರ್ಕಿನ ಚರ್ಮ ವೈದ್ಯ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ತೋರಿಸಿದ್ದು ಇದನ್ನೇ: ಹಿಂದಲೆಯ ಬುಡವನ್ನು ಹಣೆಗೆ ತಂದು ನೆಟ್ಟರೂ ಅದು ತನ್ನ ಹಿಂದಲೆಯ ಗುಣ ಬಿಡುವುದಿಲ್ಲ. ಜಾಗ ಬದಲಾದರೂ ಬುದ್ಧಿ ಬದಲಾಗದು. ಆಗಿನ ಕಾಲದಲ್ಲಿ ಗೊಂಚಲು ಗೊಂಚಲಾಗಿ ನೆಟ್ಟು ತಲೆ ಗೊಂಬೆಯ ತಲೆಯಂತೆ ಕಾಣುತ್ತಿತ್ತು. ಈಗ ಒಂದೊಂದೇ ಸಣ್ಣ ಗುಂಪನ್ನು ನೆಡುತ್ತಾರೆ. ನೆಟ್ಟ ಕೂದಲು ಕೆಲವು ವಾರದಲ್ಲಿ ಉದುರಿ, ಮೂರು ನಾಲ್ಕು ತಿಂಗಳಿಂದ ಮತ್ತೆ ಹೊರಟು, ಪೂರ್ತಿ ರೂಪ ಕಾಣಲು ಒಂದು ವರ್ಷ ಬೇಕು.

ಆದರೆ ಕಸಿ ಅಂದರೆ ಹೊಸ ಕೂದಲು ಹುಟ್ಟಿಸುವುದಲ್ಲ, ಇದ್ದದ್ದನ್ನು ಆ ಕಡೆಯಿಂದ ಈ ಕಡೆಗೆ ಸಾಗಿಸುವುದು. ಹಿಂದಲೆಯ ಉಗ್ರಾಣಕ್ಕೆ ಮಿತಿ ಇದೆ. ಇಪ್ಪತ್ತೆರಡರ ಹುಡುಗನೊಬ್ಬ ಹಣೆಯ ಮೂಲೆಗಳನ್ನು ಕಸಿಯಲ್ಲಿ ತುಂಬಿಸಿಕೊಂಡು, ಮಾತ್ರೆಯೂ ಬೇಡ, ಹಚ್ಚುವುದೂ ಬೇಡ ಎಂದು ಕೂತ. ಮೂವತ್ತಕ್ಕೆ ನನ್ನ ಹತ್ತಿರ ಬಂದಾಗ ಮುಂದೆ ಕಸಿಯ ಸಾಲು ಬೇಲಿಯಂತೆ ನಿಂತಿತ್ತು, ಅದರ ಹಿಂದೆ ಬಯಲು. ನೆಟ್ಟದ್ದು ಉಳಿದಿತ್ತು, ಅದರ ಹಿಂದಿನ ಸ್ವಂತ ಕೂದಲು ಹೋಗಿತ್ತು. ಕಸಿ ಮಾಡಿದವರು ಇದನ್ನು ಅವನಿಗೆ ಹೇಳಲೇ ಇಲ್ಲವಂತೆ. ಮದ್ದಿನಿಂದ ಮೊದಲು ತಡೆ ಹಾಕಿ, ನಿಂತಿದೆಯೇ ನೋಡಿ, ಆಮೇಲೆ ಕಸಿಯ ಯೋಚನೆ. ನೆತ್ತಿಯೆಲ್ಲಾ ಹರಡಿಕೊಂಡಂತೆ ತೆಳುವಾಗಿರುವ ಹೆಂಗಸರಲ್ಲಿ ಹಿಂದಲೆಯ ಕೂದಲೂ ಸೊರಗಿರಬಹುದು, ಅಂಥವರಿಗೆ ಕಸಿ ಅಷ್ಟು ಹೊಂದುವುದಿಲ್ಲ.

ಉಳಿದವನ್ನು ಬೇಗ ಮುಗಿಸುತ್ತೇನೆ. ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ನೆತ್ತಿಗೆ ಚುಚ್ಚುವ ಪಿಆರ್‌ಪಿ ಕೆಲವರಿಗೆ ನೆರವಾಗುತ್ತದೆ. ಒಬ್ಬೊಬ್ಬರು ಒಂದೊಂದು ರೀತಿ ಮಾಡುವುದರಿಂದ ಫಲಿತಾಂಶ ಹೋಲಿಸುವುದು ಕಷ್ಟ. ಕೆಂಪು ಬೆಳಕಿನ ಬಾಚಣಿಗೆ, ಟೋಪಿಗಳಿಂದ ಸ್ವಲ್ಪ ಲಾಭ ಕಂಡಿದೆ, ತಾಳ್ಮೆ ಬೇಕು. ಬಯೋಟಿನ್ ಎಂಬ ವಿಟಮಿನ್ ಮಾತ್ರೆಗಳ ಬಗ್ಗೆ ನನಗೆ ಸಿಟ್ಟಿದೆ. ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬರುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಅದರ ಮೇಲೆ ಹೆಚ್ಚು ಪ್ರಮಾಣದಲ್ಲಿ ನುಂಗಿದರೆ ಥೈರಾಯ್ಡ್ ಪರೀಕ್ಷೆಯನ್ನೂ, ಹೃದಯಾಘಾತ ಪತ್ತೆಯ ಟ್ರೋಪೋನಿನ್ ಪರೀಕ್ಷೆಯನ್ನೂ ದಾರಿ ತಪ್ಪಿಸುತ್ತದೆ. ಅಮೆರಿಕದ ಔಷಧ ನಿಯಂತ್ರಕರು 2017ರಲ್ಲೇ ಎಚ್ಚರಿಸಿದ್ದರು. ಎಣ್ಣೆ ಹಚ್ಚುವವರು ಹಚ್ಚಿ, ಕೂದಲು ನಯವಾಗುತ್ತದೆ. ಬುಡದ ಜೀನಿನ ಮೇಲೆ ಅದರ ಅಧಿಕಾರ ನಡೆಯುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳು.

"ಪದೇ ಪದೇ ತಲೆ ಬೋಳಿಸಿದರೆ ದಟ್ಟವಾಗಿ ಬರುತ್ತಾ?" ಇಲ್ಲ. ಕೂದಲಿನ ತುದಿ ಸಹಜವಾಗಿ ಚೂಪು. ಕತ್ತರಿಸಿದಾಗ ಮೊಂಡಾಗುತ್ತದೆ, ಮುಟ್ಟಿದರೆ ಒರಟು ಅನ್ನಿಸುತ್ತದೆ. ಬುಡಕ್ಕೆ ಮೇಲೆ ಏನಾಯಿತು ಅಂತಲೇ ಗೊತ್ತಿರುವುದಿಲ್ಲ.

"ಟೋಪಿ, ಹೆಲ್ಮೆಟ್ ಹಾಕುವುದರಿಂದ ಬೋಳಾಗುತ್ತಾ?" ಆಗುವುದಿಲ್ಲ. ಹೆಲ್ಮೆಟ್ ಬಿಡಲು ಬೇರೆ ನೆಪ ಹುಡುಕಿ. ಅಲ್ಲ, ಹುಡುಕಬೇಡಿ.

"ನನ್ನ ಮಗನಿಗೆ ಹತ್ತೊಂಬತ್ತು. ಈಗಲೇ ಮೂಲೆ ಸರಿದಿದೆ. ಕೋಣೆಯಿಂದ ಹೊರಗೇ ಬರಲ್ಲ." ಈ ತಾಯಿಯ ಪ್ರಶ್ನೆಗೆ ಸಭೆ ಸುಮ್ಮನಾಯಿತು. ಅಮ್ಮಾ, ಕರೆದುಕೊಂಡು ಬನ್ನಿ. ಬುಡ ಪೂರ್ತಿ ಕುಗ್ಗುವ ಮೊದಲು ಶುರುಮಾಡಿದಷ್ಟೂ ಹೆಚ್ಚು ಉಳಿಸಿಕೊಳ್ಳಬಹುದು, ಆ ದೃಷ್ಟಿಯಿಂದ ಇದು ಒಳ್ಳೆಯ ಕಾಲ. ಆದರೆ ಅವನು ಹೊರಗೆ ಬಾರದಿರುವುದು ಕೂದಲಿಗಿಂತ ಮೊದಲು ನೋಡಬೇಕಾದ ವಿಷಯ. ಮನೆಯಲ್ಲಿ ಯಾರೂ ಅದನ್ನು ತಮಾಷೆ ಮಾಡದಂತೆ ನೋಡಿಕೊಳ್ಳಿ. ಬೇಕಾದರೆ ಮನಸ್ಸಿನ ಡಾಕ್ಟರ ಹತ್ತಿರವೂ ಮಾತಾಡಿಸೋಣ, ಅದರಲ್ಲಿ ನಾಚಿಕೆ ಏನಿಲ್ಲ.

ಕೊನೆಗೂ ಹಿಂದಿನ ಸಾಲಿನಿಂದ ಆ ಪ್ರಶ್ನೆ ಬಂತು. "ಡಾಕ್ಟ್ರೇ, ಇಷ್ಟೆಲ್ಲಾ ಗೊತ್ತಿದ್ದೂ ನಿಮ್ಮ ತಲೆ ಯಾಕೆ ಹೀಗೆ?"

ಹಚ್ಚಿದ್ದೆ. ಮೂವತ್ತೊಂದಕ್ಕೆ ಶುರುಮಾಡಿ ಮೂರು ವರ್ಷ, ದಿನಕ್ಕೆರಡು ಸಲ. ಚೆನ್ನಾಗಿಯೇ ನಿಂತಿತ್ತು. ಆಮೇಲೆ ಮಗಳು ಹುಟ್ಟಿದಳು. ರಾತ್ರಿಯೆಲ್ಲ ನಿದ್ದೆ ಇಲ್ಲ, ಬೆಳಗಿನದ್ದು ತಪ್ಪಿತು, ಸಂಜೆಯದ್ದೂ ತಪ್ಪಿತು. ಐದು ತಿಂಗಳಲ್ಲಿ ಉಳಿಸಿಕೊಂಡದ್ದೆಲ್ಲ ಹೋಯಿತು. ಮತ್ತೆ ಶುರುಮಾಡಬಹುದಿತ್ತು. ಅಷ್ಟರಲ್ಲಿ ಈ ತಲೆ ನನಗೂ ಮನೆಯವರಿಗೂ ಅಭ್ಯಾಸವಾಗಿಬಿಟ್ಟಿತ್ತು. ಈಗ ನಾನು ತಪ್ಪದೆ ಹಚ್ಚುವುದು ಒಂದೇ, ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್. ಬೋಳು ನೆತ್ತಿಗೆ ಬಿಸಿಲು ನೇರ ಬೀಳುತ್ತದೆ, ವಯಸ್ಸಾದಂತೆ ಅಲ್ಲಿ ಒರಟು ಮಚ್ಚೆಗಳೂ, ಒಮ್ಮೊಮ್ಮೆ ಚರ್ಮದ ಕ್ಯಾನ್ಸರೂ ಬರುತ್ತದೆ. ಹಿಂದಿನ ಸಾಲಿನಲ್ಲಿ ನಕ್ಕವರಲ್ಲಿ ಒಬ್ಬರು ಟೋಪಿ ತೆಗೆದರೆ ನನ್ನ ಹಾಗೆಯೇ ಇದ್ದಾರೆ ಅಂತ ಈಗ ಕಾಣಿಸುತ್ತಿದೆ. ಟೋಪಿ ಹಾಕಿಕೊಳ್ಳಿ ಸ್ವಾಮಿ, ಹೊರಗೆ ಬಿಸಿಲಿದೆ.